ಕಲ್ಲಿನ ಪುಟ, ಕಾಗದದ ಪುಟ: ಬೆಂಗಳೂರು ಗ್ರಾಮಾಂತರದ ಶಾಸನಗಳು ಮತ್ತು ಪುಟವಿನ್ಯಾಸದ ಮೂಲತತ್ತ್ವಗಳು

ಕನ್ನಡದ ಗ್ರಂಥಸಂಪಾದನಾಶಾಸ್ತ್ರವು ಪಾಠಾಂತರ, ಪ್ರಕ್ಷೇಪ, ಲಿಪಿಕಾರರ ಸ್ಖಾಲಿತ್ಯ ಮೊದಲಾದವುಗಳನ್ನು ಕುರಿತು ಸಾಕಷ್ಟು ಸೂಕ್ಷ್ಮವಾಗಿ ಚರ್ಚಿಸಿದೆ. ಆದರೆ ಸಂಪಾದಕನು ನಿರ್ಣಯಿಸಿದ ಪಾಠವು ಓದುಗನ ಕಣ್ಣಿಗೆ ಬೀಳುವುದು ಒಂದು ಪುಟದ ಮೂಲಕ. ಆ ಪುಟದ ಅಂಚು ಎಷ್ಟು, ಸಾಲು ಎಲ್ಲಿ ಮುರಿಯಬೇಕು, ಎರಡು ಸಾಲುಗಳ ನಡುವೆ ಎಷ್ಟು ತೆರವಿರಬೇಕು, ಚಿತ್ರ ಎಲ್ಲಿರಬೇಕು ಎಂಬ ಪ್ರಶ್ನೆಗಳನ್ನು ನಾವು ಬಹುಮಟ್ಟಿಗೆ ಮುದ್ರಕರಿಗೆ ಬಿಟ್ಟುಕೊಟ್ಟಿದ್ದೇವೆ. ಪುಟವಿನ್ಯಾಸವೆಂದರೆ ಅಲಂಕಾರ, ಅದು ವಿದ್ವತ್ತಿನ ಕೆಲಸ ಮುಗಿದ ಮೇಲೆ ಸೇರಿಸುವ ಒಪ್ಪ ಎಂಬ ಭಾವನೆ ಇದರ ಹಿಂದಿದೆ. ಕತೆ ಕವಿತೆಗಳ ಮಟ್ಟಿಗೆ ಈ ಭಾವನೆಯಿಂದ ಆಗುವ ಹಾನಿ ಕಡಮೆಯೆನ್ನಬಹುದು. ಶಾಸನಗಳ ವಿಷಯದಲ್ಲಿ ಹಾಗಲ್ಲ. ಶಾಸನದ ವಿನ್ಯಾಸವು ಅದರ ಅರ್ಥದ ಒಂದು ಭಾಗ. ವಿನ್ಯಾಸವನ್ನು ಕೈಬಿಟ್ಟು ಪಾಠವನ್ನು ಮಾತ್ರ ಅಚ್ಚು ಮಾಡಿದರೆ ನಾವು ಸಾಕ್ಷ್ಯದ ಒಂದು ಪಾಲನ್ನು ಕಳೆದುಕೊಳ್ಳುತ್ತೇವೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಶಾಸನಗಳು ಕಲ್ಲಿನಿಂದ ಕಾಗದಕ್ಕೆ ಬಂದ ಬಗೆಯನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1986ರಲ್ಲಿ ಬೆಂಗಳೂರು ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಈ ಜಿಲ್ಲೆಯಲ್ಲಿ, 2007ರಲ್ಲಿ ರಾಮನಗರ ಜಿಲ್ಲೆ ಪ್ರತ್ಯೇಕವಾದ ಬಳಿಕ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಎಂಬ ನಾಲ್ಕು ತಾಲ್ಲೂಕುಗಳು ಉಳಿದವು. ಇವುಗಳ ಶಾಸನಗಳು ಒಟ್ಟಾಗಿ ಮುದ್ರಿತ ರೂಪದಲ್ಲಿ ದೊರೆತದ್ದು ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ. 1905ರಲ್ಲಿ ಪ್ರಕಟವಾದ ಆ ಸಂಪುಟವು ಅಂದಿನ ಅವಿಭಜಿತ ಬೆಂಗಳೂರು ಜಿಲ್ಲೆಯನ್ನು ಒಳಗೊಂಡಿದೆ. ನೂರಿಪ್ಪತ್ತು ವರ್ಷಗಳ ಬಳಿಕವೂ ಈ ಭಾಗದ ಗ್ರಾಮಚರಿತ್ರೆಯನ್ನು ಬರೆಯುವವರು ಮೊದಲು ತೆರೆಯುವುದು ಇದನ್ನೇ.

ಮುದ್ರಿತ ಪುಟಕ್ಕೆ ಬರುವ ಮುನ್ನ, ಈ ನೆಲದಲ್ಲಿ ಮುದ್ರಣಪೂರ್ವದ ಪುಟ ಹೇಗಿತ್ತೆಂಬುದನ್ನು ನೋಡಬೇಕು. ನೆಲಮಂಗಲ ತಾಲ್ಲೂಕಿನ ಮಣ್ಣೆ, ಗಂಗ ಶ್ರೀಪುರುಷನ ಕಾಲದಲ್ಲಿ ರಾಜನಿವಾಸವಾಗಿದ್ದ ಮಾನ್ಯಪುರವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿ ದೊರೆತ ತಾಮ್ರಪಟಗಳಲ್ಲಿ ಒಂದು ಗಂಗ ಮಾರಸಿಂಹನ ಕಾಲದ್ದು, ಕ್ರಿ.ಶ. 797ರದು, ಇನ್ನೊಂದು ರಾಷ್ಟ್ರಕೂಟರ ಕಾಲದ್ದು, 802ರದು. ಎರಡೂ ಮಾನ್ಯಪುರದ ಜಿನಾಲಯಕ್ಕೆ ಸಂಬಂಧಿಸಿದ ದತ್ತಿಗಳು. ಇವುಗಳ ಚಾರಿತ್ರಿಕ ಮಹತ್ತ್ವವನ್ನು ಬಲ್ಲವರು ಅನೇಕರು. ಆದರೆ ತಾಮ್ರಪಟವೆಂಬ ವಸ್ತುವನ್ನು ಒಂದು ಪುಸ್ತಕವೆಂದು ನೋಡಿದವರು ಕಡಮೆ. ಸಾಮಾನ್ಯವಾಗಿ ತಾಮ್ರಪಟಗಳ ಹಲಗೆಗಳ ಅಂಚನ್ನು ಸ್ವಲ್ಪ ಎತ್ತರಿಸಿರುತ್ತಾರೆ. ಹಲಗೆಯ ಮೇಲೆ ಹಲಗೆ ಕುಳಿತಾಗ ಅಕ್ಷರಗಳು ಉಜ್ಜಿ ಸವೆಯಬಾರದೆಂಬುದು ಇದರ ಕಾರಣ. ಮೊದಲ ಹಲಗೆಯ ಹೊರಮೈಯನ್ನು ಬರೆಯದೆ ಬಿಡುವುದು ರೂಢಿ. ನಮ್ಮ ಪುಸ್ತಕಗಳ ರಕ್ಷಾಪುಟ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಹಲಗೆಗಳನ್ನು ಪೋಣಿಸುವ ಬಳೆಗಾಗಿ ಒಂದು ರಂಧ್ರ, ಆ ರಂಧ್ರದ ಸುತ್ತ ಅಕ್ಷರಗಳು ದೂರ ಸರಿದು ಬಿಟ್ಟ ತೆರವು, ಬಳೆಯ ಬೆಸುಗೆಯ ಮೇಲೆ ರಾಜಮುದ್ರೆ. ಗಂಗರ ಮುದ್ರೆಯಲ್ಲಿ ಆನೆ ಇರುತ್ತದೆ. ತಾಳೆಗರಿಯಲ್ಲಿಯೂ ದಾರದ ರಂಧ್ರಕ್ಕೆ ಹೀಗೆಯೇ ಜಾಗ ಬಿಡುತ್ತಿದ್ದರು.

ಅಂಚು ಎಂದರೆ ಏನೂ ಇಲ್ಲದ ಜಾಗವಲ್ಲ, ಬರಹವನ್ನು ಕಾಯುವ ಜಾಗ ಎಂಬ ತತ್ತ್ವ ಇಲ್ಲಿ ಲೋಹದಲ್ಲಿಯೇ ಸಿದ್ಧವಾಗಿದೆ. ಇಂದಿನ ಪುಸ್ತಕದಲ್ಲಿ ಅಂಚು ಕಾಯುವುದು ಬೆರಳಿನಿಂದ, ಹೊಲಿಗೆಯಿಂದ, ಕತ್ತರಿಸುವ ಯಂತ್ರದಿಂದ. ಒಳ ಅಂಚನ್ನು ಕಡಮೆ ಮಾಡಿ ಕಾಗದ ಉಳಿಸಿದ ಪುಸ್ತಕವನ್ನು ಓದುವಾಗ ಪ್ರತಿ ಸಾಲಿನ ಕೊನೆಯ ಅಕ್ಷರಗಳು ಹೊಲಿಗೆಯ ಸಂದಿಗೆ ಬೀಳುತ್ತವೆ. ಎಂಟನೆಯ ಶತಮಾನದ ಅಕ್ಕಸಾಲಿಯು ಬಳೆಯ ರಂಧ್ರಕ್ಕೆ ಬಿಟ್ಟ ಜಾಗವನ್ನು ಇಪ್ಪತ್ತೊಂದನೆಯ ಶತಮಾನದ ಮುದ್ರಕನು ಬಿಡಲಾರನೆಂಬುದು ವಿಚಿತ್ರವೇ ಸರಿ.

ಇದೇ ಪ್ರದೇಶದಲ್ಲಿ ಮುದ್ರಣದ ಕಲ್ಪನೆಗೆ ಸಮೀಪವಾದ ಇನ್ನೊಂದು ಸಾಕ್ಷ್ಯವುಂಟು. ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಎಸ್. ಕೃಷ್ಣಮೂರ್ತಿ ಅವರು 2001 ಮತ್ತು 2004ರಲ್ಲಿ ನಡೆಸಿದ ಉತ್ಖನನಗಳು ಬೌದ್ಧ ನೆಲೆಯೊಂದನ್ನು ಬೆಳಕಿಗೆ ತಂದವು. ಅಲ್ಲಿ ದೊರೆತ ಹರಕೆಯ ಮಣ್ಣಿನ ಪುಟ್ಟ ಸ್ತೂಪಗಳೂ ಮುದ್ರೆಯೊತ್ತಿದ ಬಿಲ್ಲೆಗಳೂ ಒಂದೇ ಅಚ್ಚಿನಿಂದ ಬರಹವನ್ನು ಮತ್ತೆ ಮತ್ತೆ ಪಡೆಯುವ ಅಭ್ಯಾಸ ಈ ನೆಲಕ್ಕೆ ಎಷ್ಟು ಹಳೆಯದೆಂಬುದನ್ನು ತೋರಿಸುತ್ತವೆ.

ವಿನ್ಯಾಸದ ದೃಷ್ಟಿಯಿಂದ ಅತ್ಯಂತ ಸಂಕೀರ್ಣವಾದದ್ದು ವೀರಗಲ್ಲು. ಈ ನಾಲ್ಕೂ ತಾಲ್ಲೂಕುಗಳ ಕೆರೆಯೇರಿಗಳಲ್ಲಿ, ಊರ ಹೊರಗಿನ ತೋಪುಗಳಲ್ಲಿ, ಹಾಳುಬಿದ್ದ ಗುಡಿಗಳ ಆವರಣದಲ್ಲಿ ವೀರಗಲ್ಲುಗಳಿವೆ. ಸಾಮಾನ್ಯವಾಗಿ ಇದರಲ್ಲಿ ಮೂರು ಪಟ್ಟಿಕೆಗಳು. ಕೆಳಗಿನದರಲ್ಲಿ ಕಾಳಗ ಅಥವಾ ತುರುಗಳ ರಕ್ಷಣೆ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲಿನದರಲ್ಲಿ ಶಿವಸಾನ್ನಿಧ್ಯ, ಅದರ ಮೇಲೆ ಸೂರ್ಯಚಂದ್ರರು. ಬರಹವಿದ್ದಲ್ಲಿ ಅದು ಪಟ್ಟಿಕೆಗಳ ನಡುವಣ ಅಡ್ಡಪಟ್ಟಿಗಳಲ್ಲಿರುತ್ತದೆ, ಇಲ್ಲವೇ ಶಿಲ್ಪದ ಮೇಲುಭಾಗದಲ್ಲಿರುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಬರಹವನ್ನು ಮೇಲಿನಿಂದ ಕೆಳಕ್ಕೆ ಓದಬೇಕು. ವೀರನು ನೆಲದಿಂದ ಸ್ವರ್ಗಕ್ಕೆ ಏರುತ್ತಿರುವಾಗ ಅವನ ಹೆಸರು, ಕಾಲ, ಒಡೆಯನ ಬಿರುದು, ಅವನ ಮನೆಯವರಿಗೆ ದೊರೆತ ಮಣ್ಣು ಇವೆಲ್ಲ ಮೇಲಿನಿಂದ ನೆಲದ ಕಡೆಗೆ ಇಳಿಯುತ್ತವೆ. ಎರಡು ಚಲನೆಗಳೂ ಒಂದೇ ಕಲ್ಲಿನಲ್ಲಿ ಎದುರುಬದುರಾಗಿ ಸಾಗುತ್ತವೆ. ಯಾವ ಸಾಲು ಯಾವ ಪಟ್ಟಿಕೆಯ ಪಕ್ಕದಲ್ಲಿದೆ ಎಂಬುದು ಹೀಗೆ ಅರ್ಥಕ್ಕೆ ಸಂಬಂಧಿಸಿದ ಪ್ರಶ್ನೆಯಾಗುತ್ತದೆ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಗಂಗ ಕಾಳಗದ ಕಲ್ಲು ಮತ್ತು ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದ ಹತ್ತನೆಯ ಶತಮಾನದ ಕಲ್ಲು, ಇವೆರಡನ್ನೂ ಎದುರು ನಿಂತು ನೋಡಿದವರಿಗೆ ಇದು ಸುಲಭವಾಗಿ ಮನವರಿಕೆಯಾಗುತ್ತದೆ. ಆತಕೂರಿನ ಶಾಸನದಲ್ಲಿ ತಕ್ಕೋಲದ ಯುದ್ಧದ ಸಂಗತಿ ಇದೆ, ಮಣಲೇರನಿಗೆ ಬೂತುಗ ಮಾಡಿದ ಗೌರವ ಇದೆ. ಜೊತೆಗೆ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯೂ ಇದೆ. ಚರಿತ್ರಕಾರರು ಮೊದಲ ಸಂಗತಿಯನ್ನು ದೊಡ್ಡದೆಂದು ಎತ್ತಿಕೊಂಡರು. ಕಲ್ಲನ್ನು ರೂಪಿಸಿದವನು ಶಿಲ್ಪದ ಗೌರವವನ್ನು ಕೊಟ್ಟದ್ದು ನಾಯಿಗೆ. ಯಾವುದು ಮುಖ್ಯ, ಯಾವುದು ಅಮುಖ್ಯ ಎಂಬ ತಾರತಮ್ಯವನ್ನು ಕಣ್ಣಿಗೆ ತಿಳಿಸುವುದು ಪುಟವಿನ್ಯಾಸದ ಮೊದಲ ಕರ್ತವ್ಯ. ಅಚ್ಚಿನ ಪಾಠವನ್ನು ಮಾತ್ರ ಓದಿದವನಿಗೆ ಕಲ್ಲಿನ ಈ ತಾರತಮ್ಯ ತಿಳಿಯುವ ದಾರಿಯೇ ಇಲ್ಲ.

ಇನ್ನು ಸಾಲಿನ ವಿಷಯ. ಶಾಸನಗಳಲ್ಲಿ ಸಾಮಾನ್ಯವಾಗಿ ಪದಗಳ ನಡುವೆ ತೆರವಿಲ್ಲ. ಕಲ್ಲಿನ ಅಗಲ ಮುಗಿದಲ್ಲಿ ಸಾಲು ಮುಗಿಯುತ್ತದೆ. ಪದ ಅರ್ಧವಾಗಿದ್ದರೂ ಸರಿ, ಅಕ್ಷರ ಪೂರ್ಣವಾಗಿದ್ದರೆ ಸಾಕು. ಇದಕ್ಕೆ ಯಾವ ಚಿಹ್ನೆಯೂ ಬೇಕಿಲ್ಲ. ರೋಮನ್ ಲಿಪಿಯಲ್ಲಿ ಪದವನ್ನು ಮುರಿದರೆ ಗೆರೆಯೊಂದನ್ನು ಹಾಕಬೇಕು, ಎಲ್ಲಿ ಮುರಿಯಬೇಕೆಂಬುದಕ್ಕೆ ನಿಯಮಗಳು ಬೇಕು. ಕನ್ನಡದಲ್ಲಿ ಅಕ್ಷರವೇ ಉಚ್ಚಾರದ ಘಟಕವಾದ್ದರಿಂದ ಅಕ್ಷರದ ಗಡಿಯಲ್ಲಿ ಮುರಿದ ಸಾಲು ಓದಿಗೆ ಅಡ್ಡಿಯಾಗದು. ಇಂದಿನ ಸ್ಮರಣ ಸಂಚಿಕೆಗಳ ಎರಡು ಅಂಕಣದ ಪುಟಗಳಲ್ಲಿ ಏನಾಗುತ್ತಿದೆಯೆಂದರೆ, ಸಮಾಸಗಳಿಂದಲೂ ಸಂಧಿಗಳಿಂದಲೂ ಉದ್ದವಾದ ಕನ್ನಡ ಪದಗಳನ್ನು ಮುರಿಯದೆ ಎರಡೂ ಅಂಚುಗಳನ್ನು ಸಮ ಮಾಡಲು ಹೋಗಿ, ಮೂರೇ ಪದಗಳಿರುವ ಸಾಲಿನಲ್ಲಿ ಪದದಿಂದ ಪದಕ್ಕೆ ಬೆರಳಗಲ ತೆರವು ಬೀಳುತ್ತದೆ. ಸಾಲುಸಾಲುಗಳ ಈ ತೆರವುಗಳು ಸೇರಿಕೊಂಡು ಪುಟದ ಮೇಲೆ ಬಿಳಿಯ ಕಾಲುವೆಗಳು ಹರಿಯುತ್ತವೆ. ಅಗಲವಾದ ಒಂದೇ ಅಂಕಣ ಇಟ್ಟುಕೊಳ್ಳುವುದು, ಬಲ ಅಂಚನ್ನು ಸಮ ಮಾಡದೆ ಬಿಡುವುದು, ಅಕ್ಷರದ ಗಡಿಯಲ್ಲಿ ಪದವನ್ನು ಮುರಿಯುವುದು, ಈ ಮೂರರಲ್ಲಿ ಯಾವುದನ್ನು ಆಯ್ದುಕೊಂಡರೂ ಈ ತೊಂದರೆ ನಿವಾರಣೆಯಾಗುತ್ತದೆ. ಮೂರನೆಯದಕ್ಕೆ ಈ ನೆಲದ ಕಲ್ಲುಗಳೇ ಆಧಾರ.

ಈ ಹಿನ್ನೆಲೆಯಲ್ಲಿ 1905ರ ಸಂಪುಟವನ್ನು ನೋಡೋಣ. ಅದರ ಬಹು ದೊಡ್ಡ ಸಾಧನೆ ಅದರ ಗುರುತಿನ ಪದ್ಧತಿ. ಶಾಸನಗಳನ್ನು ಅರಸುಮನೆತನಗಳಿಂದಾಗಲಿ ಭಾಷೆಯಿಂದಾಗಲಿ ವಿಂಗಡಿಸದೆ ತಾಲ್ಲೂಕುವಾರು ಜೋಡಿಸಿ, ಪ್ರತಿಯೊಂದಕ್ಕೂ ಆ ತಾಲ್ಲೂಕಿನೊಳಗಿನ ಕ್ರಮಸಂಖ್ಯೆಯನ್ನು ಕೊಟ್ಟದ್ದರಿಂದ, ನೆಲಮಂಗಲ ಇಷ್ಟನೆಯದು, ಹೊಸಕೋಟೆ ಇಷ್ಟನೆಯದು ಎಂದರೆ ಲೋಕದ ಯಾವ ಮೂಲೆಯ ವಿದ್ವಾಂಸನಿಗೂ ಅದೇ ಕಲ್ಲು ಕಣ್ಣಮುಂದೆ ಬರುತ್ತದೆ. ಕಾಲಾನುಕ್ರಮದ ಪಟ್ಟಿಯೊಂದನ್ನು ಪ್ರತ್ಯೇಕವಾಗಿ ಕೊಟ್ಟು, ಜಾಗದ ಕ್ರಮಕ್ಕೂ ಕಾಲದ ಕ್ರಮಕ್ಕೂ ಏಕಕಾಲದಲ್ಲಿ ದಾರಿ ಮಾಡಿಕೊಟ್ಟಿರುವುದು ಉತ್ತಮ ವಿನ್ಯಾಸ. ಗಡಿಗಳು ಬದಲಾದರೂ ಜಿಲ್ಲೆಗಳು ಒಡೆದರೂ ಈ ಸಂಖ್ಯೆಗಳು ಬಳಕೆಯಲ್ಲಿ ಉಳಿದುಕೊಂಡಿವೆ.

ಆದರೆ ಅದೇ ಸಂಪುಟದಲ್ಲಿ ಒಂದು ಶಾಸನವನ್ನು ಪೂರ್ತಿಯಾಗಿ ಅರಿಯಬೇಕೆಂದರೆ ಮೂರು ಬೆರಳುಗಳನ್ನು ಮೂರು ಕಡೆ ಇಟ್ಟುಕೊಂಡು ಕುಳಿತಿರಬೇಕಾಗುತ್ತದೆ. ರೋಮನ್ ಲಿಪಿಯ ಪಾಠ ಒಂದು ಭಾಗದಲ್ಲಿ, ಇಂಗ್ಲಿಷ್ ಅನುವಾದ ಇನ್ನೊಂದು ಭಾಗದಲ್ಲಿ, ಕನ್ನಡ ಲಿಪಿಯ ಪಾಠ ಮತ್ತೊಂದು ಭಾಗದಲ್ಲಿ. ಮೊಳೆ ಜೋಡಿಸುವವರ ಅನುಕೂಲಕ್ಕೆ ಇದು ಹೊಂದಿಕೊಂಡಿರಬಹುದು. ಆದರೆ ಈ ವಿಂಗಡಣೆ ಇಬ್ಬರು ಬೇರೆ ಬೇರೆ ಓದುಗರನ್ನು ಕಲ್ಪಿಸಿಕೊಂಡಿದೆ. ಇಂಗ್ಲಿಷ್ ಬಲ್ಲ ಚರಿತ್ರಕಾರನಿಗೆ ಅನುವಾದವೂ ಪೀಠಿಕೆಯೂ ಇವೆ. ಕನ್ನಡವನ್ನು ಮಾತ್ರ ಬಲ್ಲ ಶಾನುಭೋಗನಿಗೋ ಶಾಲೆಯ ಉಪಾಧ್ಯಾಯನಿಗೋ ವಿವರಣೆಯಿಲ್ಲದ ಬರಿಯ ಪಾಠ. ಯಾರ ಊರಿನ ಕಲ್ಲೋ ಅವರಿಗೆ ಅದರ ಅರ್ಥ ದೊರೆಯದಂತೆ ಪುಟಗಳು ಹಂಚಿಹೋಗಿವೆ. ಇದಲ್ಲದೆ, ರೋಮನ್ ಭಾಗದಲ್ಲಿ ಗದ್ಯಪಾಠವು ಸಾಲುಗಳ ಗಡಿಯನ್ನು ತೋರಿಸದೆ ಒಂದೇ ಸಮನೆ ಮುಂದುವರಿಯುತ್ತದೆ. ವೃತ್ತ ಕಂದಗಳು ಮಾತ್ರ ಬೇರೆಯಾಗಿ ನಿಲ್ಲುತ್ತವೆ. ಛಂದಸ್ಸಿಗೆ ಸಂದ ಈ ಮರ್ಯಾದೆ ಕಲ್ಲಿಗೆ ಸಲ್ಲಲಿಲ್ಲ. ರೈಸ್ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಹೊರತಂದವರೆಂಬುದನ್ನು ನೆನೆದರೆ ಈ ಆಕ್ಷೇಪವನ್ನು ಸಣ್ಣ ದನಿಯಲ್ಲಿಯೇ ಹೇಳಬೇಕು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಹೊರತರತೊಡಗಿದ ಪರಿಷ್ಕೃತ ಸಂಪುಟಗಳು ಶಾಸನದ ಸಾಲನ್ನು ಸಾಲಾಗಿಯೇ, ಸಂಖ್ಯೆ ಸಹಿತ ಅಚ್ಚು ಮಾಡುವ ಕ್ರಮವನ್ನು ನೆಲೆಗೊಳಿಸಿದವು. ಅದು ಸರಿಯಾದ ಹೆಜ್ಜೆ.

ಮೊಳೆ ಅಚ್ಚಿನ ಕಾಲದ ಪುಟಗಳಿಗೆ ಒಂದು ಸಹಜ ರಕ್ಷಣೆಯಿತ್ತೆಂಬುದನ್ನೂ ಇಲ್ಲಿ ಹೇಳಬೇಕು. ಕನ್ನಡ ಅಕ್ಷರವು ಮೂರು ಅಂತಸ್ತುಗಳಲ್ಲಿ ಬೆಳೆಯುತ್ತದೆ. ನಡುವೆ ಮೂಲಾಕ್ಷರ, ಮೇಲೆ ತಲೆಕಟ್ಟು ಗುಡಿಸುಗಳು, ಕೆಳಗೆ ಒತ್ತಕ್ಷರ. ‘ಸ್ತ್ರೀ’, ‘ರಾಷ್ಟ್ರ’ ಎಂಬಂಥ ಪದಗಳಲ್ಲಿ ಒಂದಲ್ಲ, ಎರಡು ಒತ್ತುಗಳು ಕೆಳಗಿಳಿಯುತ್ತವೆ. ಸೀಸದ ಮೊಳೆಗೆ ತನ್ನದೇ ಮೈಯಿದ್ದುದರಿಂದ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವುದು ಸಾಧ್ಯವೇ ಇರಲಿಲ್ಲ. ಲೋಹದ ಮೇಲೆ ಲೋಹ ಕೂರದು. ಡಿಟಿಪಿ ಬಂದಮೇಲೆ ಈ ರಕ್ಷಣೆ ತಪ್ಪಿತು. ನಮ್ಮ ಮುದ್ರಣಾಲಯಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪೇಜ್‌ಮೇಕರ್ ತಂತ್ರಾಂಶವು ತಾನಾಗಿ ಕೊಡುವ ಸಾಲಂತರ ಅಕ್ಷರದ ಗಾತ್ರದ 120 ಪ್ರತಿಶತ. ಅಂದರೆ 12 ಪಾಯಿಂಟ್ ಅಕ್ಷರಕ್ಕೆ 14.4 ಪಾಯಿಂಟ್. ಒತ್ತಕ್ಷರವಿಲ್ಲದ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ನಿಗದಿಮಾಡಿದ ಅಳತೆ ಅದು. ಅದನ್ನೇ ಕನ್ನಡಕ್ಕೆ ಹಾಕಿದಾಗ ಇಕ್ಕಟ್ಟು ತಪ್ಪದು. ಹಳಗನ್ನಡ ಶಾಸನಪಾಠದಲ್ಲಂತೂ ದ್ವಿತ್ವಗಳೂ ಸಂಯುಕ್ತಾಕ್ಷರಗಳೂ ಹೆಚ್ಚು. ಱ, ೞ ಅಕ್ಷರಗಳೂ ಬೇಕು. ಆ ಅಕ್ಷರಗಳಿಲ್ಲದ ಫಾಂಟನ್ನು ಬಳಸಿ ‘ೞ’ ಇದ್ದಲ್ಲೆಲ್ಲ ‘ಳ’ ಎಂದು ಜೋಡಿಸಿಬಿಟ್ಟರೆ ಶಾಸನದ ಕಾಲನಿರ್ಣಯಕ್ಕೆ ಆಧಾರವಾಗಬಹುದಾದ ಒಂದು ಲಕ್ಷಣವೇ ಅಳಿಸಿಹೋಗುತ್ತದೆ. ಫಾಂಟಿನ ಆಯ್ಕೆ ಇಲ್ಲಿ ರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಸ್ಥಳೀಯ ಪ್ರಕಟಣೆಗಳ ಕಡೆಗೆ ಬಂದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಸಾಹಿತ್ಯ ಸಮ್ಮೇಳನಗಳ ಸ್ಮರಣ ಸಂಚಿಕೆಗಳು, ದೇವಾಲಯಗಳ ಜೀರ್ಣೋದ್ಧಾರದ ಕಿರುಹೊತ್ತಗೆಗಳು, ಗ್ರಾಮಚರಿತ್ರೆಗಳು, ಇವು ಶಾಸನಗಳನ್ನು ಊರಿನ ಓದುಗರಿಗೆ ತಲುಪಿಸುವ ಮುಖ್ಯ ಸಾಧನಗಳು. ಇವುಗಳಲ್ಲಿ ಗಣ್ಯರ ಶುಭಸಂದೇಶಗಳಿಗೆ ಇಡೀ ಪುಟ ಮೀಸಲು, ಭಾವಚಿತ್ರ ಸಹಿತ. ಶಾಸನದ ಚಿತ್ರಕ್ಕೆ ದೊರೆಯುವುದು ಅಂಚೆಚೀಟಿಯಷ್ಟು ಜಾಗ. ಪಾಠದ ಹಿಂದೆ ಶಿವಗಂಗೆಯ ಬೆಟ್ಟವನ್ನೋ ದೇವನಹಳ್ಳಿಯ ಕೋಟೆಯನ್ನೋ ತಿಳಿಬಣ್ಣದಲ್ಲಿ ಅಚ್ಚು ಮಾಡಿ, ಮೊದಲೇ ಕಷ್ಟವಾದ ಅಕ್ಷರಗಳನ್ನು ಇನ್ನಷ್ಟು ಮಬ್ಬಾಗಿಸುವುದೂ ಉಂಟು. ಇವು ರುಚಿಯ ದೋಷಗಳು, ಸಹಿಸಿಕೊಳ್ಳಬಹುದು.

ಸಹಿಸಲಾಗದ ದೋಷ ಚುಕ್ಕೆಗಳದು. ಶಾಸನದಲ್ಲಿ ಅಕ್ಷರ ಸವೆದುಹೋದ ಕಡೆ ಸಂಪಾದಕನು ಚುಕ್ಕೆಗಳನ್ನು ಇಡುತ್ತಾನೆ. ಎಷ್ಟು ಅಕ್ಷರ ಹೋಗಿರಬಹುದೆಂಬ ಅಂದಾಜನ್ನು ಆ ಚುಕ್ಕೆಗಳ ಸಂಖ್ಯೆ ಹೇಳಬಲ್ಲದು. ಊಹಿಸಿ ತುಂಬಿದ ಅಕ್ಷರಗಳನ್ನು ಚೌಕ ಕಂಸದೊಳಗಿಡುವುದು ವಾಡಿಕೆ. ಪುಟ ಕಟ್ಟುವವನು ಇವನ್ನು ಭಾವಸೂಚಕ ಚುಕ್ಕೆಗಳೆಂದು ತಿಳಿದು, ಏಳಿದ್ದರೂ ಹನ್ನೊಂದಿದ್ದರೂ ಮೂರಕ್ಕೆ ಇಳಿಸಿಬಿಡುತ್ತಾನೆ. ಕಂಸಗಳು ಅಂದಗೆಡಿಸುತ್ತವೆಂದು ತೆಗೆದುಹಾಕುತ್ತಾನೆ. ಕಾಗುಣಿತದ ತಪ್ಪಾದರೆ ಓದುಗನು ತಾನೇ ತಿದ್ದಿಕೊಳ್ಳಬಲ್ಲ. ಹನ್ನೊಂದು ಅಕ್ಷರಗಳ ತೆರವು ಮೂರಾದದ್ದನ್ನು ಯಾವ ಓದುಗನೂ ಪತ್ತೆಹಚ್ಚಲಾರ. ಆ ತೆರವಿನಲ್ಲಿ ಒಬ್ಬ ವೀರನ ಹೆಸರಿತ್ತೋ, ಒಂದು ಕೆರೆಯ ಹೆಸರಿತ್ತೋ, ಅದನ್ನು ಮುಂದೆ ಊಹಿಸಬಹುದಾಗಿದ್ದ ದಾರಿ ಅಲ್ಲಿಗೆ ಮುಚ್ಚಿತು.

ಛಾಯಾಚಿತ್ರದ ವಿಷಯದಲ್ಲಿಯೂ ಇದೇ ಬಗೆಯ ಅಪಾಯವಿದೆ. ಅಕ್ಷರಗಳು ಎದ್ದುಕಾಣಲೆಂದು ಸೀಮೆಸುಣ್ಣದಿಂದ ತೀಡಿ ತೆಗೆದ ಚಿತ್ರದಲ್ಲಿ ಕಾಣುವುದು ಕಲ್ಲಿನ ಅಕ್ಷರವಲ್ಲ, ತೀಡಿದವನ ಓದು. ಪಡಿಯಚ್ಚಾಗಲಿ, ಬದಿಯ ಬೆಳಕಿನಲ್ಲಿ ತೆಗೆದ ಚಿತ್ರವಾಗಲಿ ಈ ದೋಷದಿಂದ ದೂರ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಕೈಗೊಂಡ ಯೋಜನೆಯಲ್ಲಿ ಬೆಂಗಳೂರು ಭಾಗದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುವ ಕೆಲಸ ನಡೆದಿದೆ. ಕಲ್ಲಿನ ಮೈಯನ್ನೇ ಹೀಗೆ ದಾಖಲಿಸಲು ಸಾಧ್ಯವಾದ ಮೇಲೆ, ಮುದ್ರಿತ ಪುಟವೂ ಹಳೆಯ ರೀತಿಯಲ್ಲಿ ಉಳಿಯಲಾಗದು.

ಈ ಜಿಲ್ಲೆಯ ಮಟ್ಟಿಗೆ ಇದು ತುರ್ತಿನ ಮಾತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾಯಿತು. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆಗಳ ಸುತ್ತ ಕೈಗಾರಿಕಾ ಪ್ರದೇಶಗಳೂ ಬಡಾವಣೆಗಳೂ ಹಬ್ಬಿವೆ. ಹೊಲದ ಬದುವಿನ ಕಲ್ಲು ಅಡಿಪಾಯಕ್ಕೆ ಸೇರುವುದಕ್ಕೂ ಕೆರೆಯೇರಿಯ ಕಲ್ಲು ರಸ್ತೆಯಡಿ ಹೋಗುವುದಕ್ಕೂ ಒಂದು ದಿನದ ಯಂತ್ರದ ಕೆಲಸ ಸಾಕು. ಕಲ್ಲು ಹೋದಮೇಲೆ ಉಳಿಯುವ ಸಾಕ್ಷಿ ಅಚ್ಚಾದ ಪುಟವೊಂದೇ. ಅಲ್ಲಿ ದಾಖಲಾಗದೆ ಬಿಟ್ಟದ್ದನ್ನು ಮತ್ತೆ ಹೋಗಿ ನೋಡಿ ಬರುವ ಅವಕಾಶವಿರುವುದಿಲ್ಲ.

ಇಂಥ ಪುಟ ಹೇಗಿರಬೇಕು? ಒಂದು ಶಾಸನಕ್ಕೆ ಎದುರುಬದುರಿನ ಎರಡು ಪುಟಗಳನ್ನು ಒಂದು ಘಟಕವೆಂದು ಎಣಿಸುವುದು ಯುಕ್ತ. ಎಡಪುಟದಲ್ಲಿ ಕಲ್ಲಿನ ಇಡೀ ಚಿತ್ರ, ಅಳತೆಗೋಲು ಸಹಿತ, ಮೇಲಿನ ಸೂರ್ಯಚಂದ್ರರನ್ನಾಗಲಿ ಬುಡದ ಬರಿದಾದ ಭಾಗವನ್ನಾಗಲಿ ಕತ್ತರಿಸದೆ. ಬಲಪುಟದಲ್ಲಿ ಸಾಲುಸಾಲಾಗಿ ಪಾಠ, ಪಟ್ಟಿಕೆಗಳು ಬರುವ ಕಡೆ ಅಷ್ಟೇ ತೆರವು ಬಿಟ್ಟು, ಅಲ್ಲಿ ಯಾವ ಶಿಲ್ಪವಿದೆಯೆಂಬ ಸೂಚನೆಯೊಡನೆ. ಅದರ ಕೆಳಗೆ ಹೊಸಗನ್ನಡದಲ್ಲಿ ತಾತ್ಪರ್ಯ. ಅಡಿಟಿಪ್ಪಣಿ ಅದೇ ಪುಟದಲ್ಲಿರಬೇಕು. ಪಾಠಕ್ಕೆ ಬಳಸಿದ ಅಕ್ಷರವನ್ನು ತಾತ್ಪರ್ಯಕ್ಕೆ ಬಳಸಬಾರದು. ಎರಡೂ ಬೇರೆ ದನಿಗಳೆಂಬುದು ಕಣ್ಣಿಗೆ ತಿಳಿಯಬೇಕು. ಆದರೆ ಇದಕ್ಕಾಗಿ ರೋಮನ್ ಪದ್ಧತಿಯ ಓರೆ ಅಕ್ಷರವನ್ನು ಕನ್ನಡಕ್ಕೆ ತರುವುದು ಬೇಡ. ದುಂಡಗಿನ ಕನ್ನಡ ಅಕ್ಷರವನ್ನು ಯಂತ್ರವು ಓರೆ ಮಾಡಿದಾಗ ಅದು ಬೀಳುತ್ತಿರುವ ಹಾಗೆ ಕಾಣುತ್ತದೆಯೇ ಹೊರತು ಬೇರೆ ದನಿಯಾಗಿ ಕೇಳಿಸುವುದಿಲ್ಲ. ಗಾತ್ರವನ್ನು ಒಂದು ಅಂಶ ಹಿಗ್ಗಿಸಿ ಸಾಲಂತರವನ್ನು ಹೆಚ್ಚಿಸಿದರೆ ಸಾಕು.

ಹೊಸಕೋಟೆ, ದೇವನಹಳ್ಳಿಗಳಂಥ ತಾಲ್ಲೂಕುಗಳಲ್ಲಿ ಚೋಳರ ಆಳ್ವಿಕೆಯ ಕಾಲದಿಂದ ಮೊದಲಾಗಿ ತಮಿಳು ಶಾಸನಗಳೂ ಗಣನೀಯವಾಗಿವೆ. ಇವನ್ನು ಪ್ರಕಟಿಸುವಾಗ ಒಂದೇ ಪುಟದಲ್ಲಿ ತಮಿಳು, ಕನ್ನಡ ಲಿಪಿಗಳೆರಡೂ ಬರುತ್ತವೆ. ಸಂಸ್ಕೃತ ಪದಗಳಿಗೆ ಗ್ರಂಥಾಕ್ಷರಗಳೂ ಬೇಕಾಗುತ್ತವೆ. ಎಲ್ಲಕ್ಕೂ 12 ಪಾಯಿಂಟ್ ಎಂದು ನಿಗದಿಮಾಡಿದರೆ ಸಮಾನತೆ ಬಂದಂತಾಗದು. ಒಂದು ಲಿಪಿ ದೊಡ್ಡದಾಗಿ, ಇನ್ನೊಂದು ಕುಗ್ಗಿ ಕಾಣುತ್ತದೆ. ಅಳತೆಯ ಅಂಕಿಯನ್ನು ಬದಿಗಿಟ್ಟು ಮೂಲಾಕ್ಷರಗಳ ಎತ್ತರವನ್ನು ಕಣ್ಣಳತೆಯಿಂದ ಸರಿದೂಗಿಸಬೇಕು. ತಮಿಳು ಶಾಸನವೆಂದು ಅದರ ಮೂಲಪಾಠವನ್ನು ಬಿಟ್ಟು ಕನ್ನಡ ಸಾರಾಂಶವನ್ನು ಮಾತ್ರ ಕೊಡುವ ರೂಢಿ ಕೆಲವು ಸ್ಥಳೀಯ ಪ್ರಕಟಣೆಗಳಲ್ಲಿ ಕಾಣುತ್ತದೆ. ಊರಿನ ಚರಿತ್ರೆಯ ಒಂದು ಶತಮಾನಕ್ಕೂ ಹೆಚ್ಚಿನ ಅವಧಿ ಹೀಗೆ ಪುಟದಿಂದ ಹೊರಗುಳಿಯುತ್ತದೆ.

ಕೊನೆಯದಾಗಿ ಚಿತ್ರದ ಅಡಿಬರಹ. ‘ಗ್ರಾಮದ ಪ್ರಾಚೀನ ಶಾಸನ’ ಎಂಬಷ್ಟರಿಂದ ಯಾವ ಪ್ರಯೋಜನವೂ ಇಲ್ಲ. 1905ರ ಸಂಪುಟದ ಸಂಖ್ಯೆ, ಆಗ ಕಲ್ಲು ಇದ್ದ ಜಾಗ, ಚಿತ್ರ ತೆಗೆದ ದಿನ, ಆ ದಿನ ಕಲ್ಲು ಇದ್ದ ಜಾಗ, ನಡುವೆ ಸ್ಥಳಾಂತರವಾಗಿದ್ದರೆ ಅದರ ವಿವರ, ಇಷ್ಟೂ ಎರಡು ಸಾಲುಗಳಲ್ಲಿ ಹಿಡಿಯುತ್ತವೆ. ಆ ಎರಡು ಸಾಲುಗಳಿಗೆ ಸ್ಥಳಾಭಾವವೆಂದು ಹೇಳುವ ಸಂಪಾದಕರು ಶುಭಸಂದೇಶದ ಪುಟವೊಂದನ್ನು ಕಡಮೆ ಮಾಡಬಹುದು.